ಜಟ್ಟಿಗಳ ಹಸ್ತಕೌಶಲ

ದೇಹವನ್ನು ಪಳಗಿಸುವವನು ನೊಂದ ದೇಹಕ್ಕೆ ಮೊದಲ ಉಪಚಾರವನ್ನೂ ಮಾಡಬಲ್ಲವನಾಗಿರಬೇಕೆಂಬ ಅರಿವು ಮೈಸೂರು ಸೀಮೆಯ ಗರಡಿಮನೆಗಳಿಗೆ ಹೊಸತೇನಲ್ಲ. ಅರಸರ ಆಶ್ರಯದಲ್ಲಿ ಬಾಳಿದ ಜಟ್ಟಿಗಳು, ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಮೊದಲ ರಕ್ತಬಿಂದು ತೋರುವವರೆಗೆ ವಜ್ರಮುಷ್ಟಿ ಕಾಳಗವನ್ನಾಡುವ ಮಲ್ಲರೆಂದು ಪ್ರಖ್ಯಾತರಾದರೂ, ಜಾರಿದ ಕೀಲನ್ನು ಸ್ವಸ್ಥಾನಕ್ಕೆ ತರುವುದರಲ್ಲಿಯೂ ಅಷ್ಟೇ ನಿಪುಣರೆನಿಸಿದ್ದರು. ಮಟ್ಟಿಯ ಮೇಲೆ ಶಿಷ್ಯನು ಬಿದ್ದ ಕ್ಷಣದಲ್ಲಿಯೇ ಉಸ್ತಾದನ ಬೆರಳುಗಳು ಉಳುಕಾವುದು, ಮುರಿತವಾವುದು ಎಂದು ಅರಸುತ್ತಿದ್ದುವು. ಆ ವಿದ್ಯೆ ಕೈಯಿಂದ ಕೈಗೆ ಸಂದದ್ದು.

ಅತ್ತ ಇಂಗ್ಲೆಂಡಿನಲ್ಲಿ 1877ರಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಸಂಘವು ಸ್ಥಾಪಿತವಾಗಿ, ಪ್ರಥಮ ಚಿಕಿತ್ಸೆಯು ಪಾಠಕ್ರಮವೂ ಪರೀಕ್ಷೆಯೂ ಉಳ್ಳ ಸಾರ್ವಜನಿಕ ಶಿಕ್ಷಣವಾಯಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣಶಾಲೆಯನ್ನು ತೆರೆದಂದಿನಿಂದ ದಕ್ಷಿಣದೇಶದ ವ್ಯಾಯಾಮೋಪಾಧ್ಯಾಯನಿಗೂ ಶಾಸ್ತ್ರೀಯ ತರಬೇತಿಯ ಮಾರ್ಗ ದೊರೆಯಿತು. ಮುರಿದ ಎಲುಬನ್ನು ಎಳೆಯದೆ ದಬ್ಬೆಕಟ್ಟಿ ನಿಶ್ಚಲವಾಗಿರಿಸಬೇಕು, ಸುರಿಯುವ ರಕ್ತವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ತಡೆಯಬೇಕು ಎಂಬ ಹೊಸ ಶಾಸ್ತ್ರದ ವಿವೇಕವು ಹಲವು ಅಂಗಗಳನ್ನು, ಪ್ರಾಣಗಳನ್ನು ಉಳಿಸಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಮ್ಮೆ ಕಲಿತು ಪರೀಕ್ಷೆ ಬರೆದು ಮರೆತ ವಿದ್ಯೆ ಮೈದಾನದಲ್ಲಿ ಒದಗದು. ಉಸ್ತಾದನಿಗಿದ್ದ ನಿತ್ಯಾಭ್ಯಾಸವನ್ನು ಪಾಠಪಟ್ಟಿಯು ಇನ್ನೂ ತನ್ನದಾಗಿಸಿಕೊಳ್ಳಬೇಕಾಗಿದೆ.