ಕರೆಂಟು ಹೋದರೆ ಸೋಲಾರ್ ಏಕೆ ನಿಲ್ಲುತ್ತದೆ? ಜನರೇಟರ್ ಜೊತೆ ಸೇರಿಸಬಹುದೇ?

ಮೈಸೂರಿನ ಮಂಡಕಳ್ಳಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಇದೆ ಎಂದುಕೊಳ್ಳಿ. ತಾರಸಿಯ ಮೇಲೆ 40 ಕಿಲೋವ್ಯಾಟ್ ಸೋಲಾರ್, ಕೆಳಗೆ 50 ಕಿಲೋವ್ಯಾಟ್ ಡೀಸೆಲ್ ಜನರೇಟರ್. ಮಟಮಟ ಮಧ್ಯಾಹ್ನ ಕರೆಂಟು ಹೋಗುತ್ತದೆ. ಬಿಸಿಲು ಸುಡುತ್ತಿದ್ದರೂ ಸೋಲಾರ್ ಸ್ತಬ್ಧ, ಜನರೇಟರ್ ಮಾತ್ರ ಹೊಗೆ ಉಗುಳುತ್ತಿದೆ. ಲಕ್ಷಗಟ್ಟಲೆ ಸುರಿದು ಹಾಕಿಸಿದ್ದು ಕೆಟ್ಟುಹೋಯಿತೇ?

ಕೆಟ್ಟಿಲ್ಲ. ಬ್ಯಾಟರಿಯಿಲ್ಲದ ಸೋಲಾರ್ ವ್ಯವಸ್ಥೆಯ ಇನ್ವರ್ಟರ್, ಗ್ರಿಡ್ಡಿನ 50 ಹರ್ಟ್ಸ್ ತಾಳಕ್ಕೆ ಹೆಜ್ಜೆ ಹಾಕುತ್ತದೆ. ತಾಳ ನಿಂತರೆ ಅದೂ ನಿಲ್ಲಲೇಬೇಕು. ಇಲ್ಲದಿದ್ದರೆ, ಲೈನು ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ವಿದ್ಯುತ್ತೇ ಹೊಡೆಯಬಹುದು.

ಹಾಗಾದರೆ ಜನರೇಟರ್ ಆ ತಾಳ ಹಾಕಿದರೆ? ಆಗುತ್ತದೆ. ಕಟ್ಟಡವನ್ನು ಹೊರಗಿನ ಲೈನಿನಿಂದ ಬೇರ್ಪಡಿಸಿ, ಜನರೇಟರ್ ಸ್ಥಿರವಾದ ವೋಲ್ಟೇಜ್ ಕೊಟ್ಟರೆ ಇನ್ವರ್ಟರ್ ಅದರೊಂದಿಗೆ ಸೇರಿಕೊಂಡು ಲೋಡು ಹಂಚಿಕೊಳ್ಳುತ್ತದೆ. ಆದರೆ 'ಎರಡರ ತಂತಿ ಜೋಡಿಸಿದರೆ ಮುಗಿಯಿತು' ಎನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ದಯವಿಟ್ಟು ಬೇರೆಯವರನ್ನು ಹುಡುಕಿ.

ಏಕೆಂದರೆ, ಕಟ್ಟಡಕ್ಕೆ 35 ಕಿಲೋವ್ಯಾಟ್ ಬೇಕಿದ್ದು ಸೋಲಾರ್ 30 ಕೊಟ್ಟರೆ ಜನರೇಟರ್‌ಗೆ ಉಳಿಯುವುದು ಬರೀ 5. ಇಷ್ಟು ಕಡಿಮೆ ಲೋಡಿನಲ್ಲಿ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಮಸಿ, ಜಿಡ್ಡು ಕಟ್ಟುತ್ತದೆ. ಸಾಮರ್ಥ್ಯದ ಶೇ. 30ಕ್ಕಿಂತ ಕೆಳಗೆ ಬಹಳ ಹೊತ್ತು ಓಡಿಸಬಾರದು ಎನ್ನುವುದು ಸಾಮಾನ್ಯ ಸಲಹೆ. ಇನ್ನೂ ಕೆಟ್ಟದ್ದೆಂದರೆ, ಪಂಪು, ಲಿಫ್ಟು ನಿಂತು ಲೋಡು 20ಕ್ಕೆ ಇಳಿದಾಗ ಮಿಕ್ಕ 10 ಕಿಲೋವ್ಯಾಟ್ ಎಲ್ಲಿಗೆ ಹೋಗಬೇಕು? ಗ್ರಿಡ್ ಇದ್ದಾಗ ಹೊರಗೆ ಹರಿಯುತ್ತಿತ್ತು. ಈಗ ಜನರೇಟರ್‌ಗೇ ನುಗ್ಗಿ, ಅದನ್ನು ಮೋಟಾರಿನಂತೆ ತಿರುಗಿಸಲು ಹೊರಡುತ್ತದೆ. ರಕ್ಷಣಾ ರಿಲೇ ಇದ್ದರೆ ಟ್ರಿಪ್ ಆಗಿ ಇಡೀ ಕಟ್ಟಡ ಕತ್ತಲಾಗುತ್ತದೆ. ರಿಲೇ ಇಲ್ಲದಿದ್ದರೆ ಎಂಜಿನ್ನಿಗೇ ಪೆಟ್ಟು.

ಇದಕ್ಕೆಂದೇ 'ಫ್ಯುಯೆಲ್ ಸೇವ್ ಕಂಟ್ರೋಲರ್' ಇದೆ. ಲೋಡನ್ನು ಕ್ಷಣಕ್ಷಣವೂ ಅಳೆದು, ಜನರೇಟರ್ ಪಾಲಿಗೆ ಕನಿಷ್ಠ 15 ಕಿಲೋವ್ಯಾಟ್ ಉಳಿಯುವಂತೆ ಸೋಲಾರ್‌ಗೆ ಕಡಿವಾಣ ಹಾಕುತ್ತದೆ. ಲೋಡು 35 ಇದ್ದಾಗ ಸೋಲಾರ್‌ಗೆ 20, ಲೋಡು 20ಕ್ಕೆ ಇಳಿದಾಗ ಬರೀ 5. ಚಾಮುಂಡಿ ಬೆಟ್ಟದ ಕಡೆಯಿಂದ ಮೋಡವೊಂದು ತೇಲಿ ಬಂದರೂ ಜನರೇಟರ್ ಓಡುತ್ತಲೇ ಇರುವುದರಿಂದ ದೀಪ ಆರುವುದಿಲ್ಲ.

ಉಳಿತಾಯ ಎಷ್ಟು? ಒಂದು ಲೀಟರ್ ಡೀಸೆಲ್‌ನಿಂದ ಸುಮಾರು 3ರಿಂದ 3.5 ಯೂನಿಟ್ ಸಿಗುತ್ತದೆ. ಗಂಟೆಗೆ 20 ಯೂನಿಟ್ ಸೋಲಾರ್ ಎಂದರೆ ಕಾಗದದ ಮೇಲೆ ಸುಮಾರು 6 ಲೀಟರ್. ಲೋಡು ಇಳಿದಂತೆ ಎಂಜಿನ್ನಿನ ದಕ್ಷತೆಯೂ ಇಳಿಯುವುದರಿಂದ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ.

ಹಗಲಲ್ಲಿ ಅಪರೂಪಕ್ಕೊಮ್ಮೆ ಅರ್ಧ ಗಂಟೆ ಕರೆಂಟು ಹೋಗುವ ಕಡೆ ಈ ಕಂಟ್ರೋಲರಿನ ಖರ್ಚು ಹುಟ್ಟುವುದು ಕಷ್ಟ. ಅಲ್ಲಿ ಲಿಫ್ಟು ಮತ್ತು ದೀಪಗಳಿಗಷ್ಟೇ ಸಾಲುವ ಬ್ಯಾಟರಿ, ಹೈಬ್ರಿಡ್ ಇನ್ವರ್ಟರ್ ವಾಸಿ. ಅದು ತಾನೇ ತಾಳ ಹಾಕಬಲ್ಲದು, ಜನರೇಟರ್ ಮಲಗಿರಬಹುದು.