ಭೀಮಾತೀರದ ಶೋಧನೆಗಳಲ್ಲಿ ವಾರ್ತಾದಾತೃಗಳ ಪ್ರಾಮಾಣ್ಯ

ಇತಿಹಾಸಶೋಧನೆಗೆ ಶಾಸನ, ನಾಣ್ಯ, ಗ್ರಂಥಗಳು ಆಧಾರವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಶಾಸನವಿರುವ ಹೊಲವನ್ನು ತೋರಿಸಿದವನಾರು, ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ವಿಚಾರವು ವಿರಳವಾಗಿಯೇ ನಡೆದಿದೆ. 1948ರ ವರೆಗೆ ನಿಜಾಮನ ಆಳಿಕೆಯಲ್ಲಿದ್ದ ಅಫಜಲಪುರ, ಜೇವರ್ಗಿಗಳ ಭೀಮಾತೀರವು ಈ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ. ಏಕೆಂದರೆ, ನಿಜಾಮನ ಸೇವೆಯಲ್ಲಿದ್ದು 1841ರಿಂದ 1853ರ ವರೆಗೆ ಸುರಪುರದಲ್ಲಿ ಅಧಿಕಾರ ನಡೆಸಿದ ಮೆಡೋಸ್ ಟೇಲರನು ದಂಡಾಧಿಕಾರದ ಕಾರ್ಯದಲ್ಲಿಯೂ ಪುರಾತತ್ತ್ವದ ಕಾರ್ಯದಲ್ಲಿಯೂ ಪರರ ಮಾತನ್ನೇ ಆಶ್ರಯಿಸಿದ್ದನು.

ಮೊದಲನೆಯದು ಠಗ್ಗರ ವಿಚಾರಣೆ. 1830ರ ದಶಕದಲ್ಲಿ ಸ್ಲೀಮನ್ ಮೊದಲಾದವರು ಹಿಡಿದ ಠಗ್ಗರಲ್ಲಿ ಕೆಲವರು ಮಾಫಿ ಸಾಕ್ಷಿಗಳಾಗಿ ತಮ್ಮ ಸಂಗಡಿಗರನ್ನು ತೋರಿಸಿಕೊಟ್ಟರು. ಇವರಿಗೆ ಪ್ರಾಣದಾನವಾಯಿತೇ ಹೊರತು ಬಿಡುಗಡೆಯಾಗಲಿಲ್ಲ. ಇಂತಹವರ ಹೇಳಿಕೆಗಳನ್ನು ಟೇಲರನೂ ಬರೆದುಕೊಂಡನು; 1839ರಲ್ಲಿ ಪ್ರಕಟವಾದ ಅವನ ಠಗ್ಗನ ಕಾದಂಬರಿಗೆ ಅವೇ ಮೂಲ.

ಎರಡನೆಯದು ಶಿಲಾಸಮಾಧಿಗಳ ಶೋಧನೆ. ಜೇವರ್ಗಿಯ ಬಳಿಯ ಕಲ್ಗುಪ್ಪೆಗಳನ್ನು ಅಗೆಯಿಸಿ, ಅಲ್ಲಿ ದೊರೆತ ಅಸ್ಥಿಗಳನ್ನೂ ಮೃತ್ಪಾತ್ರೆಗಳನ್ನೂ ಟೇಲರನು ವರ್ಣಿಸಿದನು. ಸುರಪುರ ಸೀಮೆಯ ರಾಜನಕೋಳೂರಿನ ಕಲ್ಮನೆಗಳನ್ನು ಅಲ್ಲಿನ ಜನರು ಮೋರ್ಯರ ಮನೆಗಳೆಂದು ಕರೆಯುತ್ತಿದ್ದರೆಂದೂ, ಮೋರ್ಯರು ಗಿಡ್ಡ ಜನರೆಂದು ನಂಬಿದ್ದರೆಂದೂ ಅವನೇ ಬರೆದಿಡುತ್ತಾನೆ.

ಈ ಎರಡು ಬಗೆಯ ಮಾತುಗಳ ತಾರತಮ್ಯವನ್ನು ನಿರ್ಣಯಿಸುವುದಕ್ಕೆ ನಮ್ಮ ಶಾಸ್ತ್ರಗಳಲ್ಲಿಯೇ ಒರೆಗಲ್ಲುಗಳಿವೆ. ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಮಾತು ಒಂದೇ ಆದರೆ ನಂಬತಕ್ಕದ್ದೆಂಬುದು ಕೌಟಿಲ್ಯನ ಅಭಿಪ್ರಾಯ. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಲಿಚ್ಛಿಸುವವನು ಆಪ್ತನೆಂದೂ, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದೂ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಹೇಳುತ್ತಾನೆ. ಆದುದರಿಂದ ಕುಲವಾಗಲಿ ಪಾಂಡಿತ್ಯವಾಗಲಿ ಇಲ್ಲಿ ಗಣನೆಗೆ ಬಾರದು.

ಮಾಫಿ ಸಾಕ್ಷಿಗೆ ಪ್ರತ್ಯಕ್ಷಜ್ಞಾನವಿರಬಹುದು. ಆದರೆ ನೇಣಿನ ನೆರಳಿನಲ್ಲಿ ನುಡಿಯುವವನಿಗೆ ಕಂಡದ್ದನ್ನು ತಿಳಿಸುವ ಇಚ್ಛೆಗಿಂತ ಕೇಳುವವನನ್ನು ಮೆಚ್ಚಿಸುವ ಇಚ್ಛೆಯೇ ಬಲವಾಗುವುದು ಸಹಜ. ಸೆರೆಯಲ್ಲಿ ಒಡನೆ ಬಾಳಿದ ಹತ್ತು ಮಂದಿಯ ಏಕವಾಕ್ಯತೆಯು ಕೌಟಿಲ್ಯನು ಬಯಸಿದ ಏಕವಾಕ್ಯತೆಯಲ್ಲ. 1872ರ ಸಾಕ್ಷ್ಯಶಾಸನವೂ, ಬೇರೆ ಆಧಾರದ ಬೆಂಬಲವಿಲ್ಲದ ಸಹಾಪರಾಧಿಯ ಮಾತನ್ನು ನಂಬಲನರ್ಹವೆಂದು ನ್ಯಾಯಾಲಯವು ಭಾವಿಸಬಹುದೆಂದಿತು.

ಹಳ್ಳಿಗರಿಗಾದರೋ ಕಲ್ಮನೆಯ ಹೆಸರು ಹೇಳಿದುದರಿಂದ ಪ್ರಾಣಲಾಭವೇನೂ ಇರಲಿಲ್ಲ. ದೂರದ ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿಯೂ ಇಂತಹ ಸಮಾಧಿಗಳಿರುವ ಗುಡ್ಡಕ್ಕೆ ಮೋರ್ಯರ ಗುಡ್ಡವೆಂದೇ ಹೆಸರು. ಹೀಗೆ ಹೆಸರಿನ ವಿಷಯದಲ್ಲಿ ಅವರು ಆಪ್ತರೇ ಸರಿ. ಆದರೆ ಗಿಡ್ಡ ಜನರನ್ನು ಅವರು ಕಂಡವರಲ್ಲ; ಕಲ್ಮನೆಯ ಕಿರಿದಾದ ಆಕಾರದಿಂದ ಹುಟ್ಟಿದ ಊಹೆಯದು ಎಂದು ತೋರುತ್ತದೆ. ಮೌರ್ಯವಂಶದೊಡನೆ ಸಂಬಂಧ ಕಲ್ಪಿಸುವುದಕ್ಕೂ ಶಬ್ದಸಾಮ್ಯವೊಂದೇ ಸಾಲದು. ಇಂತಹ ಸಮಾಧಿಗಳಲ್ಲಿ ಬಹುಭಾಗವು ಕಬ್ಬಿಣಯುಗದವೆಂಬುದನ್ನು ಉತ್ಖನನವೇ ತಿಳಿಸಬೇಕಾಯಿತು. ಒಬ್ಬನೇ ವಾರ್ತಾದಾತೃವಿನ ಮಾತಿನಲ್ಲಿ ಅರಿತದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸುವುದು ಶೋಧಕನ ಮೊದಲ ಕರ್ತವ್ಯ.

ಮತ್ತೊಂದು ಕರ್ತವ್ಯವೂ ಉಂಟು. ಕರ್ನಲ್ ಮೆಕೆಂಜಿಯ ಸಂಗ್ರಹಕಾರ್ಯದಲ್ಲಿ ದುಡಿದ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ, ಮಲೆಯೂರಿನ ಜೈನಪಂಡಿತ ಧರ್ಮಯ್ಯ ಇವರ ಹೆಸರುಗಳು ಉಳಿದಿರುವುದರಿಂದ ಅವರ ಮಾತನ್ನು ಇಂದಿಗೂ ಪರೀಕ್ಷಿಸಬಹುದಾಗಿದೆ. ಮೋರ್ಯರ ಕಥೆ ಹೇಳಿದವರಾದರೋ ಕೇವಲ ಜನರೆನಿಸಿಕೊಂಡರು. ಹೇಳಿದವನ ಹೆಸರು, ಊರು, ದಿನ, ಅವನಾಡಿದ ನುಡಿ, ನಾವು ಕೇಳಿದ ಪ್ರಶ್ನೆ ಇವಿಷ್ಟನ್ನೂ, ಅವನಿಗೆ ಹಾನಿಯಾಗದೆಡೆಯಲ್ಲೆಲ್ಲ, ಬರೆದಿಡತಕ್ಕದ್ದು. ಕಲ್ಲನ್ನು ತೋರಿಸಿದ ಕೈಯನ್ನು ಮರೆತರೆ ಕೃತಘ್ನತೆ ಮಾತ್ರವಲ್ಲ, ಪ್ರಮಾಣವೇ ಲೋಪವಾಗುವುದು.