ವಿಡಿಯೊ ಎಕ್ಸ್‌ಪೋರ್ಟ್

ಎಡಿಟಿಂಗ್ ತಂತ್ರಾಂಶದಲ್ಲಿ ಜೋಡಿಸಿದ ದೃಶ್ಯ, ಧ್ವನಿ, ಶೀರ್ಷಿಕೆಗಳನ್ನು ಒಂದೇ ಕಡತವಾಗಿ ಹೊರತೆಗೆಯುವ ಪ್ರಕ್ರಿಯೆ. 'ರೆಂಡರಿಂಗ್' ಎಂದೂ ಕರೆಯುವುದುಂಟು.

ಸಂಕೋಚನ: ಸಂಕೋಚಿಸದ 1920×1080 ಅಳತೆಯ ವಿಡಿಯೊ, ಸೆಕೆಂಡಿಗೆ 30 ಚೌಕಟ್ಟುಗಳಂತೆ, ಪ್ರತಿ ಸೆಕೆಂಡಿಗೆ ಸುಮಾರು 187 ಮೆಗಾಬೈಟ್ ಜಾಗ ಬೇಡುತ್ತದೆ. ಇದನ್ನು ಕುಗ್ಗಿಸುವ ವಿಧಾನವೇ ಕೋಡೆಕ್. 2003ರಲ್ಲಿ ಬಂದ ಎಚ್.264 ಬಹುತೇಕ ಎಲ್ಲ ಸಾಧನಗಳಲ್ಲೂ ನಡೆಯುತ್ತದೆ, ಎಚ್.265 (2013) ಮತ್ತು ಎವಿ1 (2018) ಕಡಿಮೆ ಗಾತ್ರದಲ್ಲಿ ಅಷ್ಟೇ ಗುಣಮಟ್ಟ ನೀಡಬಲ್ಲವು. ಎಂಪಿ4 ಕೋಡೆಕ್ ಅಲ್ಲ, ದತ್ತಾಂಶವನ್ನು ತುಂಬಿಡುವ ಕಡತದ ಮಾದರಿ.

ಬಿಟ್‌ರೇಟ್: ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣ, ಗುಣಮಟ್ಟದ ಮುಖ್ಯ ನಿರ್ಧಾರಕ. ಸೆಕೆಂಡಿಗೆ 30 ಚೌಕಟ್ಟುಗಳ 1920×1080 ವಿಡಿಯೊಗೆ ಯೂಟ್ಯೂಬ್ ಸೆಕೆಂಡಿಗೆ 8 ಮೆಗಾಬಿಟ್ ಸೂಚಿಸುತ್ತದೆ. ಈ ಲೆಕ್ಕದಲ್ಲಿ ಹತ್ತು ನಿಮಿಷದ ಕಡತ, ಧ್ವನಿ ಬಿಟ್ಟು, ಸುಮಾರು 600 ಮೆಗಾಬೈಟ್. ಬಿಟ್‌ರೇಟ್ ತೀರಾ ಇಳಿದರೆ ಕತ್ತಲ ದೃಶ್ಯಗಳಲ್ಲಿ ಚೌಕಚೌಕದ ಕಲೆ ಮೂಡುತ್ತದೆ. ಕನ್ನಡ ಅಡಿಬರಹದ ಸಣ್ಣ ಒತ್ತಕ್ಷರಗಳು ಕಲಸಿಹೋಗುತ್ತವೆ.

ಹಂಚಿಕೆ: ಜಾಲತಾಣಗಳು ಬಂದ ಕಡತವನ್ನು ಮತ್ತೆ ಸಂಕೋಚಿಸುತ್ತವೆ. ಪ್ರತಿ ಸಂಕೋಚನದಲ್ಲೂ ಸೂಕ್ಷ್ಮ ವಿವರಗಳು ಅಳಿಯುವುದರಿಂದ, ಈಗಾಗಲೇ ಕುಗ್ಗಿದ ಪ್ರತಿಯ ಬದಲು ಮೂಲ ಯೋಜನೆಯಿಂದಲೇ ಹೆಚ್ಚಿನ ಬಿಟ್‌ರೇಟ್‌ನಲ್ಲಿ ಹೊರತೆಗೆಯುವುದು, ಚಿತ್ರೀಕರಿಸಿದ ಚೌಕಟ್ಟಿನ ವೇಗವನ್ನೇ ಉಳಿಸುವುದು ರೂಢಿ. ವಾಟ್ಸಾಪ್‌ನಲ್ಲಿ ವಿಡಿಯೊವಾಗಿ ಕಳಿಸಿದರೆ ಕುಗ್ಗುವ ಕಡತ, 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದಂತೆಯೇ ತಲುಪುತ್ತದೆ. ಸಂಗ್ರಹಕ್ಕೆ ಪ್ರೊರೆಸ್‌ನಂಥ ಕಡಿಮೆ ಸಂಕೋಚನದ ಕೋಡೆಕ್‌ಗಳು ಬಳಕೆಯಲ್ಲಿವೆ.